ನಡುಹಗಲಲ್ಲಿ ಬರುವ ಮಾಟಗಾತಿ

ಚೆಕ್ ಸಂಗೀತ ರಚನಕಾರ ಡ್ವೋರ್ಜಾಕ್ ಅಂದರೆ ಬಹಳ ಜನಕ್ಕೆ ನ್ಯೂ ವರ್ಲ್ಡ್ ಸಿಂಫನಿ, ಅಲ್ಲಿಗೆ ಮುಗೀತು. ನನಗೆ ಮಾತ್ರ ಅವನ ‘ನೂನ್ ವಿಚ್’ ಅನ್ನುವ ಆರ್ಕೆಸ್ಟ್ರಾ ಕೃತಿಯ ಹುಚ್ಚು. ಚೆಕ್ ಭಾಷೆಯಲ್ಲಿ ಇದರ ಹೆಸರು ಪೊಲೆಡ್ನಿತ್ಸೆ, ಮಟಮಟ ಮಧ್ಯಾಹ್ನ ಓಡಾಡುವ ಮಾಟಗಾತಿ. ಅಮೆರಿಕದಿಂದ 1895ರಲ್ಲಿ ತನ್ನ ನಾಡು ಬೊಹೀಮಿಯಕ್ಕೆ ವಾಪಸಾದ ಡ್ವೋರ್ಜಾಕ್, ಮರುವರ್ಷ ಚೆಕ್ ಕವಿ ಕಾರೆಲ್ ಯಾರೊಮಿರ್ ಎರ್ಬೆನ್‌ನ ಲಾವಣಿಗಳನ್ನು ಹಿಡಿದು ಕೂತ. ಒಂದರ ಹಿಂದೊಂದು ನಾಲ್ಕು ಸಿಂಫನಿಕ್ ಪೊಯಮ್, ಅಂದರೆ ಆರ್ಕೆಸ್ಟ್ರಾದಲ್ಲೇ ಕತೆ ಹೇಳುವ ಕೃತಿಗಳು, ಬಂದವು. ಸಾವಿಲ್ಲದ ಕತೆ ಅವುಗಳಲ್ಲಿ ಒಂದೂ ಇಲ್ಲ. ಡ್ವೋರ್ಜಾಕ್‌ನನ್ನು ಮೆಚ್ಚಿ ಬೆಳೆಸಿದ ವಿಯೆನ್ನಾದ ವಿಮರ್ಶಕ ಹಾನ್ಸ್‌ಲಿಕ್, ಇಂಥ ಭೀಕರ ಕತೆಗಳ ಗೊಡವೆ ಇವನಿಗೆ ಯಾಕೆ ಅಂತ ಬೇಸರಪಟ್ಟ. ಸಂಗೀತಕ್ಕೆ ಕತೆಯ ಊರುಗೋಲು ಬೇಡ ಅನ್ನುವವನು ಅವನು. ಇರಲಿ.

ಎರ್ಬೆನ್‌ನ ಪದ್ಯ ಪುಟ್ಟದು. ಅಮ್ಮ ಒಲೆ ಮುಂದೆ ಇದ್ದಾಳೆ, ದುಡಿಯಲು ಹೋದ ಗಂಡ ಮಧ್ಯಾಹ್ನಕ್ಕೆ ಬರಬೇಕು, ಮಗು ಒಂದೇ ಸಮನೆ ರಚ್ಚೆ ಹಿಡಿದಿದೆ. ಆಟಿಕೆ ಕೊಟ್ಟರೆ ಎಸೆಯುತ್ತೆ. ತಲೆಕೆಟ್ಟು ಅವಳು ‘ಬಾರೇ ಪೊಲೆಡ್ನಿತ್ಸೆ, ಇವನನ್ನ ತಗೊಂಡು ಹೋಗು’ ಅಂತ ಕೂಗಿಬಿಡುತ್ತಾಳೆ. ಆ ಮಾಟಗಾತಿ ಬಂದೇ ಬಿಡುತ್ತಾಳೆ: ಕುಳ್ಳಿ, ಕಂದು ಬಣ್ಣ, ಸೊಟ್ಟ ಕಾಲು, ಕೈಯಲ್ಲಿ ಊರುಗೋಲು.

ಡ್ವೋರ್ಜಾಕ್ ಮಾಡಿದ ಕಿಲಾಡಿತನ ನೋಡಿ. ಶುರುವಿನಲ್ಲಿ ಕ್ಲಾರಿನೆಟ್ ಮನೆಯ ನೆಮ್ಮದಿ ಹಾಡುತ್ತೆ. ಅದರ ನಡುವೆ ಓಬೋ ಅನ್ನುವ ಇನ್ನೊಂದು ಊದುವಾದ್ಯ ಒಂದೇ ಸ್ವರವನ್ನು ಕುಟ್ಟುತ್ತೆ, ಅದು ಮಗುವಿನ ಆಟದ ಹುಂಜ. ಮೊದಲು ಮುದ್ದು ಅನ್ನಿಸುತ್ತೆ. ಮತ್ತೆ ಮತ್ತೆ ಅದೇ. ತಂತಿವಾದ್ಯಗಳು ಸಿಡುಕುತ್ತವೆ, ಅಮ್ಮ ಬೈಯುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನಾಗಿ, ಇಡೀ ರಾಮಾಯಣ ಇನ್ನೊಂದು ಸುತ್ತು ಶುರು! ಆ ಎರಡನೇ ಸುತ್ತಿಗೆ ನನಗೂ ಆ ಓಬೋ ಸಾಕಪ್ಪಾ ಅನ್ನಿಸಿಬಿಟ್ಟಿರುತ್ತೆ. ಅಂದರೆ ಅಮ್ಮನ ಜೊತೆ ನಾನೂ ಆ ಪಿಶಾಚಿಯನ್ನು ಕರೆದ ಹಾಗಾಯ್ತು. ನನ್ನ ಮಟ್ಟಿಗೆ ಈ ಕೃತಿಯ ನಿಜವಾದ ಹೆದರಿಕೆ ಇಲ್ಲಿದೆ, ಮಾಟಗಾತಿಯಲ್ಲಿ ಅಲ್ಲ.

ಅವಳ ಪ್ರವೇಶದಲ್ಲಿ ಅಬ್ಬರವೇ ಇಲ್ಲ. ದನಿ ತಗ್ಗಿಸುವ ಮ್ಯೂಟ್ ಹಾಕಿದ ತಂತಿವಾದ್ಯಗಳ ಕೆಳಗೆ ತಗ್ಗು ಸ್ವರದ ಬಾಸ್ ಕ್ಲಾರಿನೆಟ್ ತೆವಳಿಕೊಂಡು ಬರುತ್ತೆ. ಆಮೇಲಿನ ಕುಣಿತ, ಅಟ್ಟಾಡಿಸುವುದು ಎಲ್ಲ ಜೋರಾಗೇ ಇದೆ, ಆದರೆ ಅಂಥದ್ದನ್ನು ಬೇರೆಯವರೂ ಬರೆದಿದ್ದಾರೆ.

ಹನ್ನೆರಡರ ಗಂಟೆ ಬಾರಿಸಿದ ಮೇಲೆ ಅಪ್ಪ ಬರುತ್ತಾನೆ. ಎರ್ಬೆನ್ ಇದನ್ನು ಕೆಲವೇ ಸಾಲಲ್ಲಿ ಮುಗಿಸಿದ್ದಾನೆ: ಪ್ರಜ್ಞೆ ತಪ್ಪಿದ ತಾಯಿ ಕಷ್ಟಪಟ್ಟು ಎಚ್ಚರಗೊಂಡಳು, ಉಸಿರುಕಟ್ಟಿದ ಮಗು ಏಳಲಿಲ್ಲ. ಡ್ವೋರ್ಜಾಕ್ ಇಲ್ಲಿ ಅವಸರಪಡಲ್ಲ. ಹಸಿದು ಮನೆಗೆ ಬರುವ ಮನುಷ್ಯನಿಗೆ ಹಾಯಾದ, ಏನೂ ಅರಿಯದ ರಾಗ ಕೊಟ್ಟಿದ್ದಾನೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಷ್ಟರಿಂದಲೇ ಎದೆ ಹಿಂಡುತ್ತೆ.

ಹದಿನಾಲ್ಕು ನಿಮಿಷದ ಆಸುಪಾಸು ಅಷ್ಟೇ. ಕಂಡಕ್ಟರ್ ಕುಬೆಲಿಕ್ ಬವೇರಿಯನ್ ರೇಡಿಯೋ ಆರ್ಕೆಸ್ಟ್ರಾ ಜೊತೆ ಮಾಡಿದ ರೆಕಾರ್ಡಿಂಗ್ ನನ್ನ ಆಯ್ಕೆ, ಇನ್ನೊಬ್ಬ ಕಂಡಕ್ಟರ್ ಹಾರ್ನೊನ್‌ಕೂರ್ಟ್‌ನದ್ದೂ ಇದೆ. ಕತೆ ತಿಳಿದುಕೊಂಡೇ ಕೇಳಿ. ಇಲ್ಲದಿದ್ದರೆ ಅಪ್ಪನ ಭಾಗ ಬರೀ ಇಂಪಾಗಿ ಕೇಳಿಸಿಬಿಡುತ್ತೆ.