ಅಸ್ಸಿಯಿಂದ ಪಂಚಗಂಗೆಯವರೆಗೆ: ಕಾಶಿಯ ಘಾಟ್‌ಗಳಲ್ಲಿ ಕಾಲ್ನಡಿಗೆ

ಕಾಶಿಗೆ ಹೋದವರಲ್ಲಿ ಹೆಚ್ಚಿನವರು ಘಾಟ್‌ಗಳನ್ನು ನೋಡುವುದು ದೋಣಿಯಿಂದ. ಮುಕ್ಕಾಲು ಗಂಟೆಯಲ್ಲಿ ಹತ್ತಾರು ಘಾಟ್‌ಗಳು ಕಣ್ಣ ಮುಂದೆ ಸರಿದುಹೋಗುತ್ತವೆ. ಇಳಿದು ಮೇಲೆ ಬಂದಾಗ ಯಾವುದರ ಗುರುತೂ ಉಳಿದಿರುವುದಿಲ್ಲ. ದೋಣಿಯನ್ನು ಕೊನೆಗೆ ಇಟ್ಟುಕೊಂಡು ಮೊದಲು ನಡೆಯುವುದೇ ಸರಿ. ಪ್ರತಿ ಘಾಟ್‌ನ ಹೆಸರನ್ನೂ ಗೋಡೆಯ ಮೇಲೆ ದೊಡ್ಡ ಹಿಂದಿ ಅಕ್ಷರದಲ್ಲಿ ಬರೆದಿದ್ದಾರೆ, ದಾರಿ ಕೇಳುವ ಪ್ರಮೇಯ ಕಡಿಮೆ.

ಗಂಗೆ ಇಲ್ಲಿ ಉತ್ತರವಾಹಿನಿ. ಊರು ಪಶ್ಚಿಮದ ದಡದಲ್ಲಿ ಮಾತ್ರ ಇದೆ, ಎದುರಿಗೆ ಬರೀ ಮರಳು. ನದಿ ಬಾಗುವಾಗ ಹೊರಬಾಗಿನ ದಡಕ್ಕೆ ನೀರು ಒತ್ತಿ ಹರಿಯುತ್ತದೆ, ಒಳಬಾಗಿನಲ್ಲಿ ಮರಳು ಕೂರುತ್ತದೆ. ಹೊರಬಾಗಿನ ಆ ಎತ್ತರದ, ಗಟ್ಟಿ ಮಣ್ಣಿನ ದಿಣ್ಣೆಯ ಮೇಲೆ ಕಾಶಿ ನಿಂತಿದೆ. ಮೆಟ್ಟಿಲುಗಳೆಲ್ಲ ಪೂರ್ವಕ್ಕೆ ಮುಖಮಾಡಿರುವುದೂ ಅದಕ್ಕೇ. ನಡೆಯುವವರಿಗೆ ಇದರಿಂದ ಒಂದು ಲೆಕ್ಕ ಸಿಗುತ್ತದೆ: ಬೆಳಗಿನ ಬಿಸಿಲು ನೇರ ಮುಖಕ್ಕೆ, ಮಧ್ಯಾಹ್ನ ಕಳೆದ ಮೇಲೆ ಕಟ್ಟಡಗಳ ನೆರಳು ಮೆಟ್ಟಿಲ ಮೇಲೆ. ಬೇಸಿಗೆಯಲ್ಲಿ ನೆರಳು ಬಿದ್ದರೂ ಕಲ್ಲಿನ ಕಾವು ಸಂಜೆಯವರೆಗೆ ಆರುವುದಿಲ್ಲ, ಹಾಗಾಗಿ ಸೂರ್ಯೋದಯವೇ ಹದವಾದ ಹೊತ್ತು. ಜೂನ್‌ನಲ್ಲಿ ಸೂರ್ಯ ಐದು ದಾಟುತ್ತಲೇ ಮೂಡಿದರೆ ಡಿಸೆಂಬರ್ ಕೊನೆಗೆ 6.40ರ ಆಸುಪಾಸು. ಡಿಸೆಂಬರ್, ಜನವರಿಯ ಮಂಜಿನಲ್ಲಿ ಹತ್ತು ಗಂಟೆಯಾದರೂ ಎದುರು ದಡ ಕಾಣದ ದಿನಗಳಿರುತ್ತವೆ.

ಯಾವ ತಿಂಗಳು ಹೋಗುತ್ತೀರಿ ಎನ್ನುವುದರ ಮೇಲೆ ನಡಿಗೆ ಸಾಧ್ಯವೇ ಎನ್ನುವುದೂ ನಿಂತಿದೆ. ಘಾಟ್‌ಗಳ ಬುಡದಲ್ಲಿ ಸಾಗುವ ದಾರಿ ನವೆಂಬರ್‌ನಿಂದ ಜೂನ್‌ವರೆಗೆ ಸಾಮಾನ್ಯವಾಗಿ ತೆರೆದಿರುತ್ತದೆ. ಮಳೆಗಾಲದಲ್ಲಿ ನದಿ ಹತ್ತು ಮೀಟರಿಗೂ ಹೆಚ್ಚು ಏರುವುದುಂಟು. ಸಮುದ್ರಮಟ್ಟದಿಂದ ಅಳೆದರೆ ಕಾಶಿಯಲ್ಲಿ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರ್ ಮುಟ್ಟಿತ್ತು. ಎಚ್ಚರಿಕೆಯ ಮಟ್ಟ ತಲುಪುವುದಕ್ಕೆ ಬಹಳ ಮೊದಲೇ ಘಾಟ್‌ನಿಂದ ಘಾಟ್‌ಗೆ ಸಂಪರ್ಕ ತಪ್ಪುತ್ತದೆ, ದೋಣಿಗಳನ್ನೂ ನಿಲ್ಲಿಸುತ್ತಾರೆ, ದಶಾಶ್ವಮೇಧ ಘಾಟ್‌ನ ಸಂಜೆಯ ಗಂಗಾ ಆರತಿ ಮಹಡಿಯ ಮೇಲಕ್ಕೆ ಹೋಗುತ್ತದೆ.

ನೆರೆ ಇಳಿಯಿತೆಂದು ಕೂಡಲೇ ಹೊರಟರೂ ಮೋಸಹೋಗುತ್ತೀರಿ. ನೀರು ಬಿಟ್ಟುಹೋದ ಹೂಳು ಮೆಟ್ಟಿಲುಗಳ ಮೇಲೆ ಆಳೆತ್ತರಕ್ಕೆ ಕೂತಿರುತ್ತದೆ. ನದಿಯ ನೀರನ್ನೇ ಪಂಪಿನಿಂದ ಎತ್ತಿ, ಪೈಪು ಹಿಡಿದು, ಆ ಮಣ್ಣನ್ನು ಕರಗಿಸಿ ಮತ್ತೆ ಗಂಗೆಗೇ ತಳ್ಳುತ್ತಾರೆ. ಮುಖ್ಯ ಘಾಟ್‌ಗಳು ಮೊದಲು ತೊಳೆದಾಗುತ್ತವೆ, ನಡುವಿನ ಸಣ್ಣವು ವಾರಗಟ್ಟಲೆ ಹಾಗೇ ಬಿದ್ದಿರುತ್ತವೆ. ಹೂಳಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿಯಾಗಿದೆ ಎನಿಸುತ್ತದೆ. ಕಾಲಿಟ್ಟರೆ ಹಪ್ಪಳದಂತೆ ಮುರಿದು ಕಣಕಾಲಿನವರೆಗೆ ಹೂತುಹೋಗುತ್ತದೆ, ಚಪ್ಪಲಿ ಕೆಳಗೇ ಉಳಿಯುತ್ತದೆ. ಅದರ ಮೇಲೆ ಹೆಜ್ಜೆಗುರುತು ಇದ್ದರೆ ಮಾತ್ರ ನಂಬಿ.

ಕಾಲಿಗೆ ಹಿಂಬದಿಯಲ್ಲಿ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಲೇಸಿನ ಶೂ ದೇವಸ್ಥಾನದ ಮುಂದೆಲ್ಲ ಬಿಚ್ಚಿ ಕಟ್ಟಿ ಬೇಜಾರು ಹಿಡಿಸುತ್ತದೆ. ನೀರಿಗೆ ತಾಗಿದ ಕೊನೆಯ ಮೂರು ನಾಲ್ಕು ಮೆಟ್ಟಿಲುಗಳೇ ಅತಿ ಜಾರು. ಮಂಡಿನೋವು ಇರುವವರು ಕೆಳಗಿನ ದಾರಿ ಬಿಟ್ಟು ಪದೇ ಪದೇ ಹತ್ತಿಳಿಯಬಾರದು, ಮೆಟ್ಟಿಲುಗಳು ಎತ್ತರ, ಅಳತೆಯೂ ಒಂದೇ ಸಮ ಇಲ್ಲ.

ಘಾಟ್‌ಗಳು 84 ಎಂಬುದು ರೂಢಿಯ ಲೆಕ್ಕ. ದಕ್ಷಿಣದ ಅಸ್ಸಿಯಿಂದ ಶುರುಮಾಡಿದರೆ ಹರಿವಿನ ದಿಕ್ಕಿನಲ್ಲೇ ನಡೆಯುತ್ತೀರಿ, ನದಿ ಬಲಗಡೆಗೆ ಇರುತ್ತದೆ. ದಶಾಶ್ವಮೇಧಕ್ಕೆ ಮೂರು ಕಿಲೋಮೀಟರಿನೊಳಗೆ. ನಿಲ್ಲದೆ ನಡೆದರೆ ಮುಕ್ಕಾಲು ಗಂಟೆ, ನೋಡುತ್ತಾ ಹೋದರೆ ಎರಡೂವರೆ ಗಂಟೆಯಾದರೂ ಬೇಕು.

ಸ್ವಲ್ಪ ದೂರದಲ್ಲೇ ತುಳಸಿ ಘಾಟ್. 1623ರಲ್ಲಿ ತುಳಸೀದಾಸರು ತೀರಿಕೊಂಡ ಜಾಗ. ಅದರಾಚೆ ಭದೈನಿಯಲ್ಲಿ ಊರಿಗೆ ಕುಡಿಯುವ ನೀರೆತ್ತುವ ಪಂಪ್‌ಹೌಸ್. ಮುಂದೆ ಕೋಟೆಯಂತೆ ನೇರ ಎದ್ದು ನಿಂತ ಗೋಡೆ ಚೇತ್ ಸಿಂಗ್ ಘಾಟ್‌ನದು. 1781ರ ಆಗಸ್ಟ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕಾಶಿಯ ರಾಜ ಚೇತ್ ಸಿಂಗನನ್ನು ಇಲ್ಲೇ ಸೆರೆಯಲ್ಲಿಟ್ಟಿದ್ದ. ಗಲಭೆಯ ನಡುವೆ ರಾಜ ಪೇಟಗಳನ್ನು ಗಂಟುಹಾಕಿ ಹಗ್ಗ ಮಾಡಿಕೊಂಡು ಇಳಿದು, ದೋಣಿ ಹತ್ತಿ ಪಾರಾದ. ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಎಷ್ಟು ಪೇಟ ಬೇಕಾಗಿತ್ತೆಂದು ಅಂದಾಜಾಗುತ್ತದೆ.

ಹನುಮಾನ್ ಘಾಟ್ ಸುತ್ತ ದಕ್ಷಿಣದವರ ಬೀದಿ. ಮಠಗಳು, ಛತ್ರಗಳು, ಬಾಗಿಲ ಮುಂದೆ ರಂಗೋಲಿ. ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್. ಅದಕ್ಕೆ ಅಂಟಿಕೊಂಡಂತೆ ಹರಿಶ್ಚಂದ್ರ ಘಾಟ್. ಸತ್ಯ ಹರಿಶ್ಚಂದ್ರ ಮಸಣ ಕಾಯ್ದನೆಂದು ನಾವು ಚಿಕ್ಕಂದಿನಿಂದ ಕೇಳಿದ ಜಾಗ ಇದೇ ಎನ್ನುತ್ತಾರೆ. ಇಂದಿಗೂ ಸೌದೆಯ ಚಿತೆಗಳು ಉರಿಯುತ್ತವೆ, ಸೌದೆ ಬೇಡದ ಚಿತಾಗಾರವೂ ಇದೆ. ನಂತರ ಸಿಗುವ ವಿಜಯನಗರಂ ಘಾಟ್‌ ಕಂಡು ಹಂಪಿಯ ಅರಸರನ್ನು ನೆನೆದು ಉಬ್ಬಬೇಡಿ, ಅದು ಆಂಧ್ರದ ವಿಜಯನಗರಂ ರಾಜರದ್ದು. ಕೆಂಪು ಬಿಳಿ ಪಟ್ಟೆಯ ಮೆಟ್ಟಿಲು ಬಂತೆಂದರೆ ಕೇದಾರ ಘಾಟ್. ನಾರದ ಘಾಟ್‌ನಲ್ಲಿ ಗಂಡಹೆಂಡತಿ ಒಟ್ಟಿಗೆ ಮುಳುಗಿದರೆ ಜಗಳವಾಗುತ್ತದೆ ಎಂಬ ನಂಬಿಕೆ. ದರ್ಭಂಗಾ ಅರಮನೆಯ ಕಂಬಗಳಲ್ಲಿ, ಬಹುತೇಕ ಹಳೆಯ ಘಾಟ್‌ಗಳಲ್ಲಿ ಕಾಣುವ ಕಂದು ಮರಳುಗಲ್ಲು ಚುನಾರ್‌ನದು.

ದಶಾಶ್ವಮೇಧದಲ್ಲಿ ಜನವೋ ಜನ. ಇಲ್ಲಿ ಹೊತ್ತು ಕಳೆಯದೆ ಪಕ್ಕದ ಮಾನ್ ಮಂದಿರಕ್ಕೆ ಟಿಕೆಟ್ ತೆಗೆದುಕೊಂಡು ತಾರಸಿ ಹತ್ತಿ. 1600ರ ಸುಮಾರಿಗೆ ರಾಜಸ್ಥಾನದ ಅಂಬೇರಿನ ರಾಜ ಮಾನ್ ಸಿಂಗ್ ಕಟ್ಟಿಸಿದ ಅರಮನೆಯ ಮೇಲೆ 18ನೇ ಶತಮಾನದಲ್ಲಿ ಸವಾಯ್ ಜೈ ಸಿಂಗ್ ಇರಿಸಿದ ಖಗೋಳ ಯಂತ್ರಗಳಿವೆ. ದೆಹಲಿ, ಜೈಪುರದವಕ್ಕಿಂತ ಚಿಕ್ಕವು, ಆದರೆ ಗದ್ದಲವಿಲ್ಲದೆ ನೋಡಬಹುದು.

ಲಲಿತಾ ಘಾಟ್‌ನಲ್ಲಿ ಮರದ ಕೆತ್ತನೆಯ ನೇಪಾಳಿ ದೇವಾಲಯವನ್ನು ಬಿಡಬೇಡಿ. ಅಲ್ಲಿಂದಲೇ 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಕಾರಿಡಾರ್‌ನ ದೊಡ್ಡ ಬಾಗಿಲು. ದೇವಸ್ಥಾನದೊಳಗೆ ಮೊಬೈಲ್ ಬಿಡುವುದಿಲ್ಲ. ದರ್ಶನವನ್ನು ಇದೇ ನಡಿಗೆಗೆ ಸೇರಿಸಿದರೆ ಲಾಕರ್ ಇಟ್ಟ ಕಡೆಗೇ ವಾಪಸು ಬರಬೇಕಾಗುತ್ತದೆ, ಉತ್ತರದ ಅರ್ಧ ಕೈತಪ್ಪುತ್ತದೆ. ಅದನ್ನು ಬೇರೆ ದಿನಕ್ಕಿಡಿ.

ಹೆಣ ಸುಡುವ ಮುಖ್ಯ ಘಾಟ್ ಮಣಿಕರ್ಣಿಕೆಯಲ್ಲಿ ಕ್ಯಾಮೆರಾ, ಫೋನ್ ಎರಡೂ ಚೀಲದೊಳಗಿರಲಿ. ಬಡವರ ಸಂಸ್ಕಾರಕ್ಕೆ ಸೌದೆ ಕೊಡಿಸಿ ಎಂದು ಜೊತೆಗೂಡುವವರು, ಮೇಲಿನಿಂದ ತೋರಿಸುತ್ತೇನೆಂದು ಕರೆಯುವವರು ಸಿಗುತ್ತಾರೆ. ಕೈಮುಗಿದು ಮುಂದೆ ಸಾಗಿ. ಹೆಣ ಹೊತ್ತವರು ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಕೆಳಗೆ ಸೌದೆಯ ದೋಣಿ, ರಾಶಿ ಅಡ್ಡವಿದ್ದರೆ ಗಲ್ಲಿಗೆ ಹತ್ತಿ ಸುತ್ತಿ ಇಳಿಯಬೇಕಾಗುತ್ತದೆ. ಓಣಿಗಳ ಎತ್ತರದ ಗೋಡೆಗಳ ನಡುವೆ ಫೋನಿನ ನಕ್ಷೆಯ ಚುಕ್ಕಿ ಎಲ್ಲೆಲ್ಲೋ ಹಾರುತ್ತದೆ. ಅದನ್ನು ನಂಬುವುದಕ್ಕಿಂತ ಇಳಿಜಾರು ಹಿಡಿಯುವುದು ವಾಸಿ.

ಇಳಿದ ಕೂಡಲೇ ಓರೆಯಾಗಿ ನಿಂತ ರತ್ನೇಶ್ವರ ಗುಡಿ. ವರ್ಷದ ಬಹುಕಾಲ ಗರ್ಭಗುಡಿಯಲ್ಲಿ ನೀರು, ಹೂಳು. ಪಕ್ಕದ ಸಿಂಧಿಯಾ ಘಾಟ್ ಕೂಡ ತನ್ನದೇ ಭಾರಕ್ಕೆ ಒಮ್ಮೆ ಕುಸಿದು ಮತ್ತೆ ಕಟ್ಟಿದ್ದು. ಇಲ್ಲಿಂದ ಮುಂದೆ ಜನ ತೆಳುವಾಗುತ್ತಾರೆ, ಮೆಟ್ಟಿಲು ಕಡಿದಾಗುತ್ತವೆ. ಪಂಚಗಂಗೆಯ ನೆತ್ತಿಯ ಮೇಲೆ ಔರಂಗಜೇಬನ ಕಾಲದ ಮಸೀದಿ, ಕೆಳಗೆ ನೂರಾರು ಹಣತೆ ಹಚ್ಚುವ ಕಲ್ಲಿನ ದೀಪಸ್ತಂಭ. ಕಾರ್ತಿಕದಲ್ಲಿ ಬಿದಿರಿನ ಗಳುಗಳ ತುದಿಗೆ ಬುಟ್ಟಿ ಕಟ್ಟಿ ಆಕಾಶದೀಪ ಏರಿಸುವುದನ್ನು ನೋಡಬೇಕಾದ್ದು ಇಲ್ಲೇ.

ಮರಳಲು ದೋಣಿ ಹಿಡಿಯುವುದಾದರೆ ಹತ್ತುವ ಮೊದಲೇ ಮೂರು ಮಾತು ಇತ್ಯರ್ಥವಾಗಲಿ: ಹಣ ಇಡೀ ದೋಣಿಗೋ ತಲೆಗೋ, ಇಳಿಸುವುದು ಯಾವ ಘಾಟ್‌ನಲ್ಲಿ, ಮೋಟಾರೋ ಹುಟ್ಟೋ. ವಾಪಸಿನ ದಾರಿ ಹರಿವಿಗೆ ಎದುರು. ಹುಟ್ಟಿನ ದೋಣಿಯಾದರೆ ಅಸ್ಸಿ ಮುಟ್ಟುವ ಹೊತ್ತಿಗೆ, ನಡೆದು ಬಂದ ಅಷ್ಟೂ ಘಾಟ್‌ಗಳ ಹೆಸರನ್ನು ನಿಧಾನವಾಗಿ ಓದಿಕೊಳ್ಳಬಹುದು.