ಒಂದು ಪದ ಬಿದ್ದ ರಾತ್ರಿ

ಪತ್ರಿಕೆಯಲ್ಲಿ ಡೆಸ್ಕ್‌ನವರಿಗೆ ಹೆಸರಿಲ್ಲ. ವರದಿಗಾರರ ಹೆಸರು ಸುದ್ದಿಯ ಮೇಲೆ ಬರುತ್ತದೆ, ಫೋಟೊ ತೆಗೆದವರ ಹೆಸರು ಫೋಟೊ ಕೆಳಗೆ ಬರುತ್ತದೆ. ರಾತ್ರಿ ಕೂತು ಕಾಪಿ ತಿದ್ದಿ, ತಲೆಬರಹ ಕೊಟ್ಟು, ಪುಟ ಕಟ್ಟಿ ಪ್ರೆಸ್ಸಿಗೆ ಬಿಡುವ ಉಪಸಂಪಾದಕನ ಹೆಸರು ಎಲ್ಲೂ ಬರುವುದಿಲ್ಲ. ತಪ್ಪಾದ ದಿನ ಮಾತ್ರ ಸಂಪಾದಕರ ಕೋಣೆಯಲ್ಲಿ ಜೋರಾಗಿ ಕೇಳಿಸುತ್ತದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬೇಜಾರೇನಿಲ್ಲ, ರೂಢಿಯಾಗಿದೆ.

ನನ್ನ ಹೆಸರು ಸುದ್ದಿಯ ಜೊತೆ ಓಡಾಡುತ್ತಿದ್ದ ಜಾಗ ಒಂದೇ. ಅದು ನಮ್ಮ ವಾಟ್ಸ್‌ಆ್ಯಪ್ ಗ್ರೂಪ್. ಹನ್ನೊಂದು ಜನ. ಲಾಕ್‌ಡೌನ್ ಸಮಯದಲ್ಲಿ ಒಬ್ಬರ ಕೈ ಹಿಡಿದು ಇನ್ನೊಬ್ಬರು ಬಂದಂತೆ ಸೇರಿಕೊಂಡವರು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗೆಳೆಯ, ಸಿಂಧನೂರು ಕಡೆಯ ಭತ್ತದ ರೈತರೊಬ್ಬರು, ಧಾರವಾಡದ ನಿವೃತ್ತ ಗಣಿತದ ಮೇಷ್ಟ್ರು, ಮಸ್ಕತ್‌ನಲ್ಲಿ ನರ್ಸ್ ಆಗಿರುವ ಕೊಪ್ಪಳದ ಅಕ್ಕ, ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ, ಹೀಗೆ. ಇಬ್ಬರನ್ನು ಬಿಟ್ಟರೆ ಉಳಿದವರ ಮುಖ ನಾನು ಡಿಪಿಯಲ್ಲಿ ಮಾತ್ರ ನೋಡಿದ್ದು. ದಿನಕ್ಕೆ ಒಂದೆರಡು ಸುದ್ದಿ ಯಾರಾದರೂ ಹಾಕುತ್ತಾರೆ, ಅದರ ಮೇಲೆ ಮಾತು, ವಾದ, ಒಮ್ಮೊಮ್ಮೆ ಎರಡು ದಿನದ ಮುನಿಸು. ಗುಡ್ ಮಾರ್ನಿಂಗ್ ಹೂವು ಹಾಕಿದವರಿಗೆ ಮೇಷ್ಟ್ರು ಬೈಯುತ್ತಾರೆ.

ಈ ಗ್ರೂಪಿನಲ್ಲಿ ನಾನು 'ಪೇಪರ್‌ನವರು'. ಸುದ್ದಿ ಖರೆ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ನನ್ನನ್ನು ಕೇಳುತ್ತಿದ್ದರು. ನಾನು ಹಾಕಿದ್ದಕ್ಕೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

2024ರ ಆಗಸ್ಟ್ 10, ಶನಿವಾರ. ನನಗೆ ನೈಟ್ ಡ್ಯೂಟಿ. ದೂರದ ಊರುಗಳ ಎಡಿಷನ್ ಹೋಗಿಯಾಗಿತ್ತು. ಚಹಾ ತರಿಸಿ ಕೂತಿದ್ದೆವು. ಹನ್ನೊಂದು ದಾಟಿದ ಮೇಲೆ ಹೊಸಪೇಟೆ ವರದಿಗಾರರ ಫೋನು. ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವ ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಚೈನು ತುಂಡಾಗಿದೆ, ಗೇಟೇ ಕೊಚ್ಚಿಕೊಂಡು ಹೋಗಿದೆ ಅಂದರು. ಹಿಂದೆ ಯಾವ ಸದ್ದೂ ಇರಲಿಲ್ಲ, ಬರೀ ನೀರಿನ ಸದ್ದು.

ಚಹಾ ಅಲ್ಲೇ ತಣ್ಣಗಾಯಿತು. ಮುಖಪುಟ ಬಿಚ್ಚಿದೆವು. ಮೊದಲಿದ್ದ ಮುಖ್ಯ ಸುದ್ದಿಯನ್ನು ಇಳಿಸಿ ಸಿಂಗಲ್ ಕಾಲಂ ಮಾಡಿದೆವು. ಕೊಪ್ಪಳದ ವರದಿಗಾರರಿಗೂ ಫೋನ್ ಮಾಡಿ ಅದನ್ನೇ ಇನ್ನೊಮ್ಮೆ ಕೇಳಿದೆ. ಯಾಕೆಂದರೆ ಡ್ಯಾಂನ ಈ ಕಡೆ ಹೊಸಪೇಟೆ, ಆ ಕಡೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್. ಎರಡೂ ಕಡೆಯಿಂದ ಒಂದೇ ಮಾತು ಬಂದರೆ ಧೈರ್ಯ. ಒಟ್ಟು ಗೇಟ್ 33, ಹೋಗಿದ್ದು ಒಂದು, ಅಣೆಕಟ್ಟೆಗೆ ಏನೂ ಆಗಿಲ್ಲ. ಈ ಮೂರೂ ಸಂಗತಿ ಮೊದಲ ಪ್ಯಾರಾದಲ್ಲೇ ಇರಬೇಕು ಅಂತ ಮುಖ್ಯ ಉಪಸಂಪಾದಕರು ಹೇಳಿದರು. ತಲೆಬರಹ ನಾಲ್ಕು ಸಲ ಬದಲಾಯಿತು. 'ಮುರಿದ' ಬೇಡ, 'ಒಡೆದ' ಬೇಡವೇ ಬೇಡ, ಕೊನೆಗೆ 'ಕೊಚ್ಚಿಹೋದ' ಅಂತ ಇಟ್ಟೆವು. ಒಂದೇ ಒಂದು ಕ್ರಿಯಾಪದಕ್ಕೆ ಮೂರು ಜನ ನಿಂತು ಚರ್ಚೆ ಮಾಡಿದ್ದೆವು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಇದೆಲ್ಲದರ ನಡುವೆ, ಪುಟದ ಪ್ರೂಫ್ ಬರುವ ಮುಂಚಿನ ಎರಡು ನಿಮಿಷದಲ್ಲಿ, ನಾನು ಮೊಬೈಲ್ ತೆಗೆದು ಗ್ರೂಪಿಗೆ ಒಂದು ಸಾಲು ಹಾಕಿದೆ:

'ಟಿಬಿ ಡ್ಯಾಂ 19ನೇ ಗೇಟ್ ಕಟ್. ನೀರು ಹೊರಗೆ.'

ಹಾಕಿ ಮೊಬೈಲ್ ಜೇಬಿಗಿಟ್ಟೆ. ಎಲ್ಲರಿಗಿಂತ ಮೊದಲು ಹೇಳಿದೆ ಅನ್ನುವ ಸಣ್ಣ ಜಂಬ ಇತ್ತು. ಎರಡೂವರೆಗೆ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಗಂಗಾವತಿ ಗೆಳೆಯನ ಫೋನು. ಸಿಟ್ಟು ಇರಲಿಲ್ಲ, ಅದಕ್ಕೇ ಜಾಸ್ತಿ ಚುಚ್ಚಿತು. 'ಸರ್, ನಮ್ಮವ್ವ ರಾತ್ರಿ ಪೂರಾ ಗುಡಿ ಕಟ್ಟಿ ಮ್ಯಾಲ ಕುಂತಾಳ. ಡ್ಯಾಂ ಹೋತು ಅಂತ ಊರಾಗ ಯಾರೋ ಹೇಳ್ಯಾರ. ಎಮ್ಮಿ ಬಿಚ್ಚಿ ಬಿಟ್ಟು, ರೇಷನ್ ಕಾರ್ಡು, ರೊಟ್ಟಿ ಬುಟ್ಟಿ ಹಿಡಕೊಂಡು ಹೋಗ್ಯಾಳ. ಇನ್ನೂ ಕೆಳಗ ಇಳಿವಲ್ಲಳು.' ಅವರ ಊರು ಹೊಳೆ ದಂಡೆಗೆ ಹತ್ತಿರ. ಅವ್ವನಿಗೆ ಮೊಣಕಾಲು ನೋವು, ಗುಡಿಯ ಮೆಟ್ಟಿಲು ಹತ್ತುವುದೇ ಕಷ್ಟ.

ಆಮೇಲೆ ಅವನು ಊರಿನ ಗ್ರೂಪಿಗೆ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದ:

'ಟಿಬಿ ಡ್ಯಾಂ ಕಟ್. ನೀರು ಹೊರಗೆ. ಪೇಪರ್‌ನವರೇ ಹೇಳಿದ್ದು.'

ನನ್ನದೇ ಸಾಲು. ನಡುವಿನ '19ನೇ ಗೇಟ್' ಮಾತ್ರ ಮಾಯ. ಯಾರು ತೆಗೆದರು, ಬೇಕಂತ ತೆಗೆದರಾ, ಗೊತ್ತಿಲ್ಲ. ಬಹುಶಃ ಯಾರೋ ಓದಿ, ಗಾಬರಿಯಾಗಿ, ನೆನಪಿದ್ದಷ್ಟು ತಾವೇ ಟೈಪ್ ಮಾಡಿರಬೇಕು. ಅದರ ಮೇಲೆ 'ಫಾರ್ವರ್ಡ್' ಅನ್ನುವ ಗುರುತೂ ಇರಲಿಲ್ಲ. 2018ರಿಂದ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು, ತುಂಬಾ ತಿರುಗಿದ್ದಕ್ಕೆ ಜೋಡಿ ಬಾಣದ ಗುರುತು ಬರುತ್ತದೆ. ಕೈಯಿಂದ ಟೈಪ್ ಮಾಡಿದ್ದಕ್ಕೆ ಇದ್ಯಾವುದೂ ಇಲ್ಲ. ಅದು ಹೊಚ್ಚ ಹೊಸ ಸುದ್ದಿಯ ಹಾಗೇ ಕಾಣುತ್ತದೆ. 'ಪೇಪರ್‌ನವರೇ' ಅನ್ನುವ ಮುದ್ರೆ ಬೇರೆ. ಆ ಪೇಪರ್‌ನವರು ನಾನೇ ಅಲ್ವಾ.

ನಾನು ಆ ಸಾಲನ್ನು ಡೆಸ್ಕ್‌ನಲ್ಲಿ ಬೇರೆಯವರ ಕಾಪಿ ನೋಡುವ ಹಾಗೆ ನೋಡಿದೆ. ಮೊದಲ ತಪ್ಪು, 'ಡ್ಯಾಂನ' ಅಂತ ಬರೆದಿಲ್ಲ. ತಲೆಬರಹದ ಜಾಗ ಉಳಿಸಲು ನಾವು 'ನ' ನುಂಗುತ್ತೇವೆ, ಕೈಗೆ ಚಟ ಆಗಿಬಿಟ್ಟಿದೆ. ಆ ಒಂದು ಅಕ್ಷರ ಇದ್ದಿದ್ದರೆ 'ಡ್ಯಾಂನ ಕಟ್' ಅಂತ ಯಾರೂ ಓದಲು ಆಗುತ್ತಿರಲಿಲ್ಲ. ಏನೋ ಬಿಟ್ಟಿದೆ ಅಂತ ಗೊತ್ತಾಗುತ್ತಿತ್ತು. ಎರಡನೆಯದು 'ಕಟ್'. ಕರೆಂಟ್ ಕಟ್, ಫೋನ್ ಕಟ್, ಬೆಲ್ಟ್ ಕಟ್, ಎಲ್ಲಕ್ಕೂ ಹೊಂದುವ ಪದ, ಹಾಗಾಗಿ ಯಾವುದನ್ನೂ ಸರಿಯಾಗಿ ಹೇಳದ ಪದ. 33ರಲ್ಲಿ ಒಂದು ಅಂತ ಇಲ್ಲ. ಎಷ್ಟು ಗಂಟೆಗೆ, ಯಾರು ಹೇಳಿದ್ದು, ಹೊಳೆ ದಂಡೆಯವರು ಏನು ಮಾಡಬೇಕು, ಯಾವುದೂ ಇಲ್ಲ. ಹೊಸದಾಗಿ ಸೇರಿದ ಟ್ರೈನಿ ಈ ಕಾಪಿ ತಂದಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ನನ್ನ ಹೆಸರೇ ಇಲ್ಲದ ಪುಟಕ್ಕೆ ಎರಡು ಕಡೆ ಕೇಳಿ, ಮೂರು ಜನ ನೋಡಿ, ನಾಲ್ಕು ತಲೆಬರಹ ಬದಲಿಸಿದ್ದೆ. ನನ್ನ ಹೆಸರಿರುವ ಸಾಲಿಗೆ ಎರಡು ನಿಮಿಷವೂ ಕೊಟ್ಟಿರಲಿಲ್ಲ. ಅದು ಡ್ಯೂಟಿ, ಇದು ಹರಟೆ ಅಂದುಕೊಂಡಿದ್ದೆ. ಅವ್ವನ ಊರಿಗೆ ಪೇಪರ್ ಬೆಳಿಗ್ಗೆ ಬಸ್ಸಿಗೆ ಬಂತು. ಹರಟೆ ರಾತ್ರಿಯೇ ಬಂದಿತ್ತು.

ಗ್ರೂಪಿನಲ್ಲಿ ತಪ್ಪು ಒಪ್ಪಿಕೊಂಡು ಉದ್ದಕ್ಕೆ ಬರೆದೆ. ಊರಿನ ಗ್ರೂಪಿಗೂ ಒಂದು ಸ್ಪಷ್ಟನೆ ಬರೆದು ಗೆಳೆಯನ ಕೈಲಿ ಹಾಕಿಸಿದೆ. ಸ್ಪಷ್ಟನೆ ಯಾವತ್ತೂ ಸುದ್ದಿಯಷ್ಟು ಓಡುವುದಿಲ್ಲ, ಪೇಪರಿನಲ್ಲೂ ಅಷ್ಟೇ.

ಆಮೇಲಿನ ಒಂದು ವಾರ ನಮ್ಮ ಗ್ರೂಪಿನಲ್ಲಿ ನಡೆದ ಮಾತು ಮಾತ್ರ ನಾನು ಡೆಸ್ಕ್‌ನಲ್ಲೂ ಕೇಳದಂಥದ್ದು. ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದು ಲಕ್ಷ ಕ್ಯುಸೆಕ್ ಆಸುಪಾಸು ನೀರು ಬಿಡುತ್ತಿದ್ದರು. ಮಸ್ಕತ್ ಅಕ್ಕ ಕೇಳಿದರು: 'ಒಂದು ಕಡೆ ಕ್ಯುಸೆಕ್ ಅಂತೀರಿ, ಇನ್ನೊಂದು ಕಡೆ ಟಿಎಂಸಿ ಅಂತೀರಿ. ಎಷ್ಟು ನೀರು ಹೋಯ್ತು ಅಂತ ಒಂದೇ ಮಾತಲ್ಲಿ ಹೇಳ್ರಿ.' ದಿನಾ ಎರಡೂ ಪದ ಬರೆಯುವ ನನಗೆ ತಟ್ಟನೆ ಉತ್ತರ ಬರಲಿಲ್ಲ. ಮೇಷ್ಟ್ರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಫೋಟೊ ಹಾಕಿದರು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ನಲ್ಲಿಯ ರಭಸ ಇದ್ದ ಹಾಗೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹಂಡೆಯಲ್ಲಿರುವ ನೀರು ಇದ್ದ ಹಾಗೆ. ದಿನಕ್ಕೆ 86,400 ಸೆಕೆಂಡು. ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ.

ಸಿಂಧನೂರಿನ ರೈತರು ಆ ಹಾಳೆ ನೋಡಿದ ಮೇಲೆ ಮಾತಾಡಿದರು. ವಾಯ್ಸ್ ಮೆಸೇಜ್, ಹಿಂದೆ ಮೋಟರ್ ಸದ್ದು. 'ನೀವೆಲ್ಲ ನೀರು ಬರ್ತೈತಿ ಅಂತ ಅಂಜಾಕತ್ತೀರಿ. ನಾವು ನೀರು ಹೋಗ್ತೈತಿ ಅಂತ ಅಂಜಾಕತ್ತೀವಿ. ಲಕ್ಷ ಕ್ಯುಸೆಕ್ ಈ ಹೊಳಿಗೇನು ಹೊಸಾದಲ್ಲ. ನಾಟಿ ಮಾಡಿ ಕುಂತೀವಿ. ಡ್ಯಾಂ ಖಾಲಿ ಮಾಡಿ ಗೇಟ್ ಕುಂದ್ರಿಸಿದ್ರ ನಮ್ಮ ನೆಲ್ಲಿಗೆ ನೀರೆಲ್ಲಿಂದ ತರೂನ್ರಿ?'

ಅಲ್ಲಿಗೆ ಇಡೀ ಸುದ್ದಿ ನನ್ನ ತಲೆಯಲ್ಲಿ ಮಗುಚಿ ಬಿತ್ತು. ನಾನು ಬರೆದ 'ನೀರು ಹೊರಗೆ' ಎರಡೇ ಪದ. ಹೊಳೆ ದಂಡೆಯ ಅವ್ವನಿಗೆ ಅದರ ಅರ್ಥ ಒಂದು, ಕಾಲುವೆ ಕೊನೆಯ ರೈತನಿಗೆ ಇನ್ನೊಂದು. ಮರುದಿನ ಡೆಸ್ಕ್‌ನಲ್ಲಿ ಇದನ್ನು ಹೇಳಿದೆ. ಆಮೇಲೆ ನಮ್ಮ ಪುಟದಲ್ಲಿ ಎಷ್ಟು ಕ್ಯುಸೆಕ್ ಹೊರಹರಿವು ಅನ್ನುವುದರ ಪಕ್ಕಕ್ಕೇ ಎಷ್ಟು ಟಿಎಂಸಿ ಉಳಿದಿದೆ ಅನ್ನುವುದನ್ನೂ ಹಾಕತೊಡಗಿದೆವು.

ಆ ವಾರದಲ್ಲೇ ಬೆಂಗಳೂರಿನ ಹುಡುಗ ಒಂದು ವಿಡಿಯೊ ಹಾಕಿದ. ಡ್ಯಾಂನಿಂದ ನೀರು ಧುಮುಕುವ ದೃಶ್ಯ, ಭಯಂಕರ. ನಾನು ಗೇಟ್ ಎಣಿಸಲು ಝೂಮ್ ಮಾಡುತ್ತಿದ್ದೆ. ಅಷ್ಟರಲ್ಲಿ ರೈತರು ಬರೆದರು: 'ಇದು ನಮ್ಮ ಹೊಳಿ ಅಲ್ಲ. ಮಳಿಗಾಲದಾಗ ನಮ್ಮ ಹೊಳಿ ಕೆಂಪಗಿರ್ತೈತಿ. ಇದು ಹಸಿರೈತಿ.' ಹುಡುಗ ಡಿಲೀಟ್ ಮಾಡಿದ. ಆದರೆ ಸುಮ್ನೆ ಇರಲಿಲ್ಲ. ಹೂಳಿನ ಬಗ್ಗೆ ಒಂದು ಲೇಖನ ಹುಡುಕಿ ತಂದ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105 ಚಿಲ್ಲರೆ ಹಿಡಿಯುತ್ತದೆ, ಉಳಿದ ಜಾಗ ಹೂಳಿನ ಪಾಲು. ಆ ಕೆಂಪು ನೀರೇ ಹೂಳು ಅಂತ ಮೇಷ್ಟ್ರು ಗಂಟು ಹಾಕಿದರು.

ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಉಕ್ಕಿನ ತಡೆ, ಕೂರಿಸಿದರು. ಪೂರ್ತಿ ಖಾಲಿ ಮಾಡುವ ಪ್ರಸಂಗ ಬರಲಿಲ್ಲ. ಆ ದಿನ ಗ್ರೂಪಿನಲ್ಲಿ ರೈತರು ಏನೂ ಬರೆಯಲಿಲ್ಲ, ಗದ್ದೆಯ ಒಂದು ಫೋಟೊ ಹಾಕಿದರು. ಮಳೆಯೂ ಕೈಹಿಡಿಯಿತು. ಸೆಪ್ಟೆಂಬರ್‌ನಲ್ಲಿ ಜಲಾಶಯ ಮತ್ತೆ ತುಂಬಿತು.

ಈಗ ನಮ್ಮ ಗ್ರೂಪಿನಲ್ಲಿ ಒಂದು ಕಟ್ಟುಪಾಡು ಇದೆ. ಲಿಂಕ್ ಮಾತ್ರ ಹಾಕುವಂತಿಲ್ಲ. ಅದರಲ್ಲಿ ಏನಿದೆ ಅಂತ ನಿಮ್ಮ ಮಾತಲ್ಲಿ ಎರಡು ಸಾಲು, ಯಾವ ದಿನದ ಸುದ್ದಿ ಅಂತ ತಾರೀಕು. ಮೊದಲು ಎಲ್ಲರೂ ಗೊಣಗಿದರು. ಸುದ್ದಿಗಳ ಸಂಖ್ಯೆ ಅರ್ಧಕ್ಕರ್ಧ ಇಳಿಯಿತು, ಯಾಕೆಂದರೆ ಎರಡು ಸಾಲು ಬರೆಯಬೇಕಾದರೆ ಓದಬೇಕಲ್ಲ. ಮೇಷ್ಟ್ರು ಮಾತ್ರ ಎರಡು ಸಾಲಿನ ಜಾಗದಲ್ಲಿ ಇಪ್ಪತ್ತು ಬರೆಯುತ್ತಾರೆ, ಅವರಿಗೆ ಹೇಳುವವರಿಲ್ಲ.

ಡೆಸ್ಕ್‌ನಲ್ಲಿ ನನ್ನ ಕೈಗೂ ಹೊಸ ಚಟ ಹತ್ತಿದೆ. ತಲೆಬರಹ ಬರೆದ ಮೇಲೆ ಒಂದೊಂದೇ ಪದದ ಮೇಲೆ ಬೆರಳಿಟ್ಟು ಮುಚ್ಚುತ್ತೇನೆ. ಆ ಪದ ದಾರಿಯಲ್ಲಿ ಬಿದ್ದುಹೋದರೆ ಉಳಿದದ್ದು ಸುಳ್ಳಾಗುತ್ತದಾ? ಹೀಗೆ ನೋಡತೊಡಗಿದ ಮೇಲೆ ಗೊತ್ತಾಯಿತು, ಕನ್ನಡದಲ್ಲಿ ಅತಿ ಅಪಾಯದ ಪದ 'ಇಲ್ಲ'. ನಮ್ಮಲ್ಲಿ ಅದು ಸಾಲಿನ ಕೊನೆಗೆ ಬರುತ್ತದೆ, ಮೊಬೈಲಿನ ನೋಟಿಫಿಕೇಶನ್ ಕತ್ತರಿಸುವುದೂ ಕೊನೆಯನ್ನೇ. 'ಭಾರಿ ಮಳೆ: ಜಿಲ್ಲೆಯ ಶಾಲೆಗಳಿಗೆ ನಾಳೆ ರಜೆ ಇಲ್ಲ' ಅಂತ ಬರೆದರೆ ಅರ್ಧ ಜಿಲ್ಲೆ 'ನಾಳೆ ರಜೆ' ತನಕ ಓದಿ ಮಲಗುತ್ತದೆ. ನಾನೀಗ 'ನಾಳೆ ಶಾಲೆ ಎಂದಿನಂತೆ' ಅಂತ ಬರೆಯುತ್ತೇನೆ. ಪ್ರಶ್ನೆ ಚಿಹ್ನೆಯನ್ನೂ ಆದಷ್ಟು ಬಿಟ್ಟಿದ್ದೇನೆ. 'ಹಾಲಿನ ದರ ಏರಿಕೆ?' ಅಂತ ನಾವು ಜಾಣತನದಿಂದ ಬರೆಯುತ್ತೇವೆ. ಹೋಟೆಲಿನಲ್ಲಿ ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವಾಗ ಆ ಚಿಹ್ನೆ ಬಾಯಿಗೆ ಬರುವುದಿಲ್ಲ.

ಹೊಸ ಹುಡುಗರು ನಗುತ್ತಾರೆ. 'ಸರ್ ಬೆರಳು ಇಟ್ಟರು, ಇನ್ನು ಹತ್ತು ನಿಮಿಷ ಪುಟ ಹೋಗಲ್ಲ' ಅಂತ. ಡೆಡ್‌ಲೈನ್ ಹೊತ್ತಲ್ಲಿ ಅವರು ಹೇಳುವುದೂ ಸರಿಯೇ.

2025ರ ಮಳೆಗಾಲದಲ್ಲಿ ಗೇಟ್‌ಗಳ ಸ್ಥಿತಿ ನೋಡಿಕೊಂಡು ತುಂಗಭದ್ರೆಯಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸುವುದು ಅಂತ ತೀರ್ಮಾನವಾಯಿತು. ಆ ಸುದ್ದಿಯನ್ನು ಗ್ರೂಪಿಗೆ ಹಾಕುವಾಗ ಐದು ಸಾಲು ಬರೆದೆ. ಗೇಟ್ ಹಳೆಯದಾಗಿದೆ, ಅಣೆಕಟ್ಟೆ ಗಟ್ಟಿ ಇದೆ, ನೀರು ಕಡಿಮೆ ನಿಲ್ಲಿಸುತ್ತಾರೆ, ಹೊಳೆ ದಂಡೆಯವರು ಗಾಬರಿಯಾಗುವಂಥದ್ದೇನೂ ನಡೆದಿಲ್ಲ, ಎರಡನೇ ಬೆಳೆಗೆ ನೀರು ಸಿಗುವುದು ಅನುಮಾನ. ಒಂದೊಂದೇ ಪದದ ಮೇಲೆ ಬೆರಳಿಟ್ಟು ನೋಡಿಯೇ ಕಳಿಸಿದೆ.

ಅರ್ಧ ಗಂಟೆಯಲ್ಲಿ ಗಂಗಾವತಿ ಗೆಳೆಯನಿಂದ ವಾಯ್ಸ್ ಮೆಸೇಜ್. ಒತ್ತಿದರೆ ಅವನ ದನಿಯಲ್ಲ, ಅವ್ವನದು. ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದಿದ್ದರು ಅನಿಸುತ್ತದೆ.

'ಯಪ್ಪಾ ಪೇಪರಿನವನ, ಮಗ ಓದಿ ಹೇಳಿದ. ಹಂಗಾರ ಈ ಸಲ ಎಮ್ಮಿ ಬಿಚ್ಚೂದು ಬ್ಯಾಡಲ್ಲ?'