ಗೀರು ಅಂದುಕೊಂಡದ್ದು ಆರು ಆಗಿತ್ತು

ಹೊರದೇಶದ ಮ್ಯೂಸಿಯಂಗಳ ಫೋಟೋ ನೋಡಿ, ಅದರಲ್ಲಿ ಕಾಣುವ ಬರಹವನ್ನು ಪಟ್ಟಿಗೆ ಏರಿಸುವುದು ನನ್ನ ಕೆಲಸ. ಕೂತಿರುವುದು ಬೆಂಗಳೂರಿನಲ್ಲಿ, ನೋಡುವುದು ಗ್ರೀಸಿನ ಕಲ್ಲು. ಸೇರಿದ ಹೊಸದರಲ್ಲಿ ಒಂದು ನೆರಳು ಗಡಿಯಾರದ ಫೋಟೋ ಬಂತು. ಬಟ್ಟಲಿನಂತೆ ಕೊರೆದ ಅಮೃತಶಿಲೆ. ಒಳಗೆ 11 ಗೆರೆಗಳು, ಗೆರೆಗಳ ನಡುವೆ ಅಕ್ಷರಗಳು.

ಅಕ್ಷರ ಸಿಕ್ಕಿದ್ದೇ ನನಗೆ ಖುಷಿ. ಹಳೆಯ ಗ್ರೀಕ್ ನೆರಳು ಗಡಿಯಾರಗಳಲ್ಲಿ ಹೆಚ್ಚಿನವುಗಳ ಮೇಲೆ ಅಂಕಿಯೇ ಇರುವುದಿಲ್ಲ, ಬರೀ ಗೆರೆ. ಗ್ರೀಕರಿಗೆ ಅಕ್ಷರವೇ ಅಂಕಿ ಅಂತ ಗೊತ್ತಿತ್ತು. ಆಲ್ಫಾ ಅಂದರೆ 1, ಬೀಟಾ 2. ಆಲ್ಫಾ, ಬೀಟಾ, ಥೀಟಾ ಎಲ್ಲ ಕಾಲೇಜಿನ ಗಣಿತದಲ್ಲೇ ಪರಿಚಯ ಅಲ್ವಾ? ಬೆರಳು ಮಡಚಿ ಎಣಿಸಿದೆ. ಎಪ್ಸಿಲಾನ್ 5. ಆಮೇಲೆ ಕೊಕ್ಕೆಯಂಥ ಒಂದು ಗೀರು, ಕಲ್ಲು ಸವೆದಿರಬೇಕು ಎಂದು ಬಿಟ್ಟೆ. ಝೀಟಾ 6, ಈಟಾ 7, ಥೀಟಾ 8, ಅಯೋಟಾ 9. ಕೊನೆಯ ಎರಡು ಜೋಡಿ ಅಕ್ಷರ, 10 ಮತ್ತು 11. ಗೆರೆಯೂ 11, ಅಕ್ಷರವೂ 11. ಲೆಕ್ಕ ಅಷ್ಟು ಚೆನ್ನಾಗಿ ಕೂತಾಗ ಯಾರಿಗೆ ಅನುಮಾನ ಬರುತ್ತದೆ?

ತಪಾಸಣೆ ಮಾಡುವ ಮೇಡಂ ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಇದರಲ್ಲಿ ಮಧ್ಯಾಹ್ನ ಎಲ್ಲಿದೆ, ತೋರಿಸಿ."

ನಡುಗೆರೆ ತೋರಿಸಿದೆ. "ಎಡಗಡೆ ಎಷ್ಟು ಅಕ್ಷರ?" ಐದು. "ಬಲಗಡೆ?" ಆರು. ಅಷ್ಟು ಹೇಳುವಾಗಲೇ ನನ್ನ ಕಿವಿ ಬಿಸಿಯಾಯಿತು. ನಡುಹಗಲು ಹಗಲನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಒಂದು ಕಡೆ ಐದು, ಇನ್ನೊಂದು ಕಡೆ ಆರು ಆಗಲು ಹೇಗೆ ಸಾಧ್ಯ?

ಅವರು ಬಿಡಿಸಿ ಹೇಳಿದರು. ಆ ಕಾಲದಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ 12 ಪಾಲು. ಬೇಸಿಗೆ ಇರಲಿ, ಚಳಿಗಾಲ ಇರಲಿ, 12 ಪಾಲೇ. ಹಾಗಾಗಿ ಅಥೆನ್ಸಿನಲ್ಲಿ ಅತಿ ಉದ್ದದ ಹಗಲಿನ ಒಂದು ಪಾಲು ನಮ್ಮ ಸುಮಾರು 74 ನಿಮಿಷ, ಅತಿ ಚಿಕ್ಕ ಹಗಲಿನದು ಸುಮಾರು 48. ಹನ್ನೆರಡು ಪಾಲು ಮಾಡಲು 11 ಗೆರೆ ಸಾಕು. ಅಕ್ಷರ ಕೂರುವುದು ಗೆರೆಯ ಮೇಲಲ್ಲ, ಪಾಲಿನಲ್ಲಿ. ಅಂದರೆ 12 ಅಕ್ಷರ ಬೇಕು.

ನಾನು ಬಿಟ್ಟ ಗೀರೇ 6. ಅದರ ಹೆಸರು ಡೈಗಾಮಾ. ಹಿಂದೆ ವಕಾರದಂಥ ಉಚ್ಚಾರಣೆಗೆ ಬರೆಯುತ್ತಿದ್ದ ಅಕ್ಷರ. ಮಾತಿನಲ್ಲಿ ಆ ಉಚ್ಚಾರಣೆ ಹೋಯಿತು, ವರ್ಣಮಾಲೆಯಿಂದ ಅಕ್ಷರವೂ ಹೋಯಿತು. ಆದರೆ ಅಂಕಿಗಳ ಸಾಲಿನಲ್ಲಿ ಅದರ ಜಾಗ ಅದಕ್ಕೇ ಉಳಿಯಿತು. ನಮ್ಮ ಹಳಗನ್ನಡ ಶಾಸನಗಳಲ್ಲಿ ಱ, ೞ ಇವೆಯಲ್ಲ, ಈಗ ನಾವು ಬರೆಯುವುದಿಲ್ಲ. ಅಂಥ ಒಂದು ಅಕ್ಷರ ಎಣಿಕೆಯಲ್ಲಿ ಮಾತ್ರ ಬದುಕಿದ್ದರೆ ಹೇಗಿರುತ್ತಿತ್ತು ಎಂದು ಆವತ್ತು ರಾತ್ರಿಯೆಲ್ಲ ಯೋಚಿಸಿದೆ. ಡೈಗಾಮಾ 6ರ ಜಾಗ ಬಿಡದ ಕಾರಣ ಝೀಟಾ ವರ್ಣಮಾಲೆಯಲ್ಲಿ ಆರನೆಯದು, ಎಣಿಕೆಯಲ್ಲಿ 7.

ಇದಕ್ಕೆ ಸಾಕ್ಷಿಯಾಗಿ ಮೇಡಂ ಒಂದು ಪದ್ಯ ತೋರಿಸಿದರು. ಗ್ರೀಕ್ ಆಂಥಾಲಜಿ ಎಂಬ ಸಂಕಲನದಲ್ಲಿ ಇದೆ, ಎರಡೇ ಸಾಲು. ದುಡಿಮೆಗೆ ಆರು ಗಂಟೆ ಧಾರಾಳವಾಯಿತು, ಆಮೇಲಿನ ಗಂಟೆಗಳನ್ನು ಅಕ್ಷರದಲ್ಲಿ ಓದಿದರೆ ಅವು ಮನುಷ್ಯರಿಗೆ ಹೇಳುವುದು "ಬದುಕು" ಅಂತ. 7, 8, 9, 10. ಝೀಟಾ, ಈಟಾ, ಥೀಟಾ, ಅಯೋಟಾ. ಕೂಡಿಸಿ ಓದಿದರೆ ಝೇಥಿ, ಗ್ರೀಕಿನಲ್ಲಿ "ಬದುಕು". ನನ್ನ ಪಟ್ಟಿಯಲ್ಲಿ ಆ ಮಾತು ಮಧ್ಯಾಹ್ನಕ್ಕೆ ಮೊದಲೇ ಶುರುವಾಗುತ್ತಿತ್ತು. ಸುಮ್ನೆ ಒಂದು ಅಂಕಿ ತಪ್ಪಿದ್ದಲ್ಲ, ಕಲ್ಲಿನ ಮಾತನ್ನೇ ಕೆಡಿಸಿದ್ದೆ. ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಮರುದಿನ ಹಳೆಯ ಪಟ್ಟಿಯನ್ನೆಲ್ಲ ತೆರೆದು ಕೂತೆ. ಈಗ ಅಕ್ಷರ ಓದುವ ಮೊದಲು ನಡುಗೆರೆ ಹುಡುಕುತ್ತೇನೆ, ಎರಡೂ ಕಡೆ ಎಣಿಸುತ್ತೇನೆ. "ಗೀರು" ಎಂದು ನಾನೇ ಬರೆದಿದ್ದ ಇನ್ನೂ ಎರಡು ಕಲ್ಲುಗಳು ಸಿಕ್ಕವು. ಒಂದರಲ್ಲಿ ಅದು 6. ಇನ್ನೊಂದರಲ್ಲಿ ನಿಜಕ್ಕೂ ಗೀರು.